ಬಡಗಣ ಬಾಯಿ

ಇವತ್ತು ರಾತ್ರಿ ವೆಂಬ್ಲಿಯಲ್ಲಿ ಅವರ ಕುಣಿತ.
ನ್ಯೂ ಮಾಲ್ಡನ್ನಿನ ಹೈ ಸ್ಟ್ರೀಟಿನಲ್ಲಿ ಬೆಳಿಗ್ಗೆ ಹತ್ತಕ್ಕೇ
ಬಾಳೆಹಣ್ಣಿನ ಹಾಲು ಖಾಲಿ.
ಐವರಲ್ಲಿ ಯಾವನೋ ಒಬ್ಬ ನಿದ್ದೆಗಣ್ಣಲ್ಲಿ
ಅದನ್ನು ಸ್ಟ್ರಾ ಹಾಕಿ ಕುಡಿದನಂತೆ, ವಿಡಿಯೋದಲ್ಲಿ.
ನಾನು ಗಲ್ಲಾದಲ್ಲಿ ಕೂತವಳು. ಬೀಪ್, ಬೀಪ್.
ಇಂಗ್ಲೆಂಡಿನ ಹೆಣ್ಣುಮಕ್ಕಳ ಜೇಬುಕಾಸೆಲ್ಲ
ನನ್ನ ಬೆರಳ ಕೆಳಗೆ ಚಿಲ್ಲರೆಯಾಗುತ್ತಿದೆ.

ಸೆಬ್ಯೊಕ್ ಅಂದರೆ ನಸುಕು. ಗುಂಪಿನ ಹೆಸರು.
ಹೇಳಿಕೊಟ್ಟದ್ದು ಯಜಮಾನ ಪ್ಯೋ ಅಲ್ಲ,
ಸಾಲಿನಲ್ಲಿ ನಿಂತ ಹೊಡಾನ್, ಹದಿನಾಲ್ಕು ವರ್ಷ,
ಸ್ಲೌನಿಂದ ಎರಡು ಬಸ್ಸು ಒಂದು ರೈಲು ಬದಲಿಸಿ ಬಂದವಳು,
ಹಿಜಾಬಿನ ಪಿನ್ನಿನಲ್ಲಿ ಐವರ ಮುಖ.

ಯಜಮಾನರಿಗೆ ಇದೊಂದು ಬಗೆಯ ಹೊಟ್ಟೆನೋವು:
"ಊರಲ್ಲಿ ಯಾರು ಕೇಳ್ತಾರೆ ಈ ಕಸ?
ನನ್ನ ತಂಗಿ ಸಿಯೋಲಿನಲ್ಲೇ ಇದ್ದಾಳೆ,
ಐವರ ಹೆಸರು ಹೇಳು ಅಂದರೆ ಎರಡಕ್ಕೆ ನಿಲ್ತಾಳೆ."
ಕ್ಷೌರದ ಗ್ವಾಕ್: "ಗಂಡಸರಾ ಇವರು? ತುಟಿಗೆ ಬಣ್ಣ!
ಮೊದಲು ಬ್ಯಾರಕ್ಕಿನಲ್ಲಿ ಬೂಟು ಉಜ್ಜಲಿ."
ಅಂದವನೇ ಹೋಗಿ ತನ್ನ ಅಂಗಡಿ ಬಾಗಿಲಿಗೆ
ಐವರ ಕೇಶಶೈಲಿ, ಮೂವತ್ತೆಂಟು ಪೌಂಡು, ಎಂದು ಚೀಟಿ ಅಂಟಿಸಿದ.
ಚರ್ಚಿನ ಶ್ರೀಮತಿ ಬ್ಯೋನ್ ಮೂಲಂಗಿ ಆಯುತ್ತ
"ಪಾಪ, ಹೆತ್ತವರು. ಊಟ ಬಿಡಿಸಿ ಸೊಂಟ ಅಳೀತಾರಂತೆ."
ಹೋದ ವರ್ಷ ಬಂದ ವಿದ್ಯಾರ್ಥಿಗೆ ಬೇರೆಯೇ ಸಿಟ್ಟು:
"ಈಗಿನ ಹಾಡು ಅರ್ಧ ಇಂಗ್ಲಿಷು.
ಗೆದ್ದದ್ದು ಯಾರು, ನೀವೇ ಹೇಳಿ."
ಯಾರೂ ಹೇಳಲಿಲ್ಲ.

ಆದರೆ ಮೇಲಿನ ಟೀವಿಯಲ್ಲಿ ವಾರ್ತೆ ಬಂದು
ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನ ಎಂದಾಗ
ಎಲ್ಲರೂ ಒಟ್ಟಿಗೆ ಕತ್ತೆತ್ತಿದ್ದು
ಗಲ್ಲಾದಿಂದ ನನಗೆ ಚೆನ್ನಾಗಿ ಕಂಡಿತು.

ಹಿತ್ತಲ ಗಿಡ ಮದ್ದಲ್ಲ ಎಂದೆ, ಮುರುಕು ಇಂಗ್ಲಿಷಿನಲ್ಲಿ ಬಿಡಿಸಿ.
ಪ್ಯೋ ಒಪ್ಪಲಿಲ್ಲ. "ನಮ್ಮ ಗಾದೆ ಬೇರೆ:
ದೀಪದ ಬುಡ ಕತ್ತಲೆ."
ಅಯ್ಯೋ, ಅದೂ ನಮ್ಮದೇ, ಅಂದೆ.
ನಿಮ್ಮದು ಹೇಗಾದೀತು ಎಂದು ರೇಗಿದರು.
ಗಾದೆಗೂ ಪಾಸ್‌ಪೋರ್ಟು ಕೇಳುವ ಮನುಷ್ಯ.

ಹಿಂದಿನ ಕೋಣೆಯಲ್ಲಿ ಕೋಸಿಗೆ ಉಪ್ಪು ಸವರುವ ಒಕ್‌ಬುನ್
ಈ ಯಾವ ಮಾತಿನಲ್ಲೂ ಇಲ್ಲ.
ಅವಳದು ಬಡಗಣ ದೇಶ, ಗಡಿಗೆ ಎರಡೇ ಗುಡ್ಡ ದೂರ.
ಮಂಜಿಲ್ಲದ ರಾತ್ರಿ ತೆಂಕಣವರ ದೈತ್ಯ ಸ್ಪೀಕರುಗಳು
ಗದ್ದೆ ಹಾಯಿಸಿ ಹಾಡು ಎಸೆಯುತ್ತಿದ್ದವಂತೆ.
ಗಾಳಿ ತಿರುಗಿದರೆ ಇವಳಿಗೆ ಅರ್ಧ ಸಾಲು,
ಮಿಕ್ಕರ್ಧ ಇನ್ಯಾರದೋ ಗದ್ದೆಗೆ.
ಕೇಳಿಸಿಕೊಂಡವರು ಕೇಳಿಸಲಿಲ್ಲ ಎನ್ನಬೇಕು.
ಒಮ್ಮೆ, ಒಂದೇ ಒಮ್ಮೆ, ಇದನ್ನು ಹೇಳಿದ್ದಳು,
ಬೆಳ್ಳುಳ್ಳಿ ಸುಲಿಯುತ್ತ, ನನ್ನ ಮುಖ ನೋಡದೆ.

ಸಾಲಿನಲ್ಲಿ ಹೊಡಾನ್ ಹಾಡತೊಡಗಿದಳು. ದೊಡ್ಡ ದನಿ.
ಅವಳ ಹಿಂದೆ ಟೆಗನ್, ಟೆಗನ್ ಹಿಂದೆ ಸಾಲಿಗೆ ಸಾಲೇ.
ಒಕ್‌ಬುನ್ ಕೆಂಪು ಕೈಗವಸಿನಲ್ಲೇ ಹೊರಬಂದಳು.
ಮೊದಲು ನೋಡಿದ್ದು ಬಾಗಿಲ ಕಡೆ.
ಆಮೇಲೆ ಹುಡುಗಿಯ ಬಾಯಿ.
"ಹಾಗಲ್ಲ," ಎಂದಳು, ಒಂದು ಪದ ತಿದ್ದಿ.
ನನಗೆ ಕೇಳಿಸಿದ್ದು ಜೋಗಿ.
ಆದರೆ ಆ ಸ್ವರ ನಮ್ಮ ಕಾಗುಣಿತದಲ್ಲಿಲ್ಲ;
ಅ ಅಲ್ಲ, ಒ ಅಲ್ಲ, ನಡುವೆ ಎಲ್ಲೋ,
ದವಡೆ ಸಡಿಲ ಬಿಟ್ಟು ಬಿಸಿ ತುತ್ತು ಇಟ್ಟುಕೊಂಡ ಹಾಗೆ.
ಹಾಗಂದರೇನು, ಕೇಳಿದೆ.
"ಅಲ್ಲಿ," ಎಂದಳು. "ಆಚೆ."

"ಅದು ಬಡಗಣ ಬಾಯಿ!" ಪ್ಯೋ ಅಡ್ಡ ಬಂದರು,
"ಸಿಯೋಲಿನಲ್ಲಿ ಹಾಗನ್ನಲ್ಲ, ಇಲ್ಲಿ ಕೇಳು ಮಗೂ..."
ಬೆಳಿಗ್ಗೆಯಿಂದ ಕಸ, ಕಸ ಅಂದವರು
ಗಲ್ಲಾ ತಟ್ಟಿ ತಾಳ ಹಾಕಿ
ಪೂರ್ತಿ ಚರಣ ಹಾಡಿದರು, ಒಂದು ಪದವೂ ತಪ್ಪದೆ.

ಹೊಡಾನ್ ಒಮ್ಮೆ ಇವರ ಹಾಗೆ, ಒಮ್ಮೆ ಅವಳ ಹಾಗೆ
ಅಂದು ಅಂದು ನೋಡುತ್ತಿದ್ದಾಳೆ.
ಸಾಲು ಬಾಗಿಲು ದಾಟಿ ಬಸ್ ಸ್ಟಾಪು ಮುಟ್ಟಿದೆ.
ಯಾರೋ ಹಿಂದಿನಿಂದ: ಬಾಳೆಹಣ್ಣಿನ ಹಾಲು ಇದೆಯಾ?
ಸೋಮವಾರ ಬನ್ನಿ, ಎಂದೆ.