ಹನ್ನೊಂದು ಮಾತಿನವನು

ಅವನಿಗೆ ಬರುವುದು ಹನ್ನೊಂದೇ ಮಾತು.
ನಾನು ಎಣಿಸಿದ್ದೇನೆ.

ಬೆಳಿಗ್ಗೆ ಹೋದರೆ, ಗಾಳಿ ತಿರುಗಿದೆ ಇವತ್ತು.
ಸಂಜೆ ಹೋದರೆ, ದೀಪ ಹಚ್ಚುವ ಹೊತ್ತಿಗೇ ಬಂದೆ ನೋಡು.
ಮಳೆಗೊಂದು, ಚಳಿಗೊಂದು, ನನ್ನ ಹುಟ್ಟುಹಬ್ಬಕ್ಕೊಂದು,
ಜೇನು ಕೊಟ್ಟರೆ ಒಂದು (ಜೇನೆಂದರೆ ಅವನಿಗೆ ಪ್ರಾಣ).
ಇಂಗ್ಲಿಷಿನಲ್ಲಿ ಬರುತ್ತದೆ ತೆರೆಯ ಕೆಳಗೆ
ಒಂದೊಂದೇ ಅಕ್ಷರ, ಯೋಚಿಸಿ ಹೇಳಿದ ಹಾಗೆ.
ನಾನು ಕೊಂಕಣಿಯಲ್ಲಿ ಕೇಳಿಸಿಕೊಳ್ಳುತ್ತೇನೆ.

ಹೆಸರು ಓರಿನ್. ಕೆಲಸ, ದೀಪಸ್ತಂಭ ಕಾಯುವುದು.
ಹತ್ತು ಹೃದಯ ತುಂಬಿದ ದಿನ ನಾನೇ ಕೇಳಿ ಮದುವೆಯಾದೆ.
ರೋಸ್ ಇಲ್ಲ, ತೆಂಗಿನ ಹಾಲು ಸುರಿಯುವ ಅತ್ತೆಯರಿಲ್ಲ,
ಒಂದು ಬಟನ್ ಒತ್ತಿದ್ದು.
ಒಳಗೆ ಕುಕ್ಕರ್ ಮೂರನೇ ಸೀಟಿ ಹಾಕಿತು.

ಲ್ಯಾನ್ಸಿಗೆ ಹೇಳಿರಲಿಲ್ಲ.
ಎಂತ ಅಂತ ಹೇಳುದು?
ಬೋಟುಗಳಿಗೆ ರಜೆಯಿರುವ ಎರಡು ತಿಂಗಳು ದಕ್ಕೆಯಲ್ಲಿ
ಇಂಜಿನ್ ಬಿಚ್ಚಿ ಕಟ್ಟುವುದೇ ಅವನ ಬದುಕು.
ರಾತ್ರಿ ಹತ್ತಕ್ಕೆ ಬಂದು, ಉಗುರಿನ ಸಂದಿಯ ಗ್ರೀಸನ್ನು
ಸೀಮೆಎಣ್ಣೆಯಲ್ಲಿ ತಿಕ್ಕುತ್ತ ಕೇಳುತ್ತಾನೆ:
ಗೇಟು ಹಾಕಿದ್ದಿಯಾ? ಗ್ಯಾಸ್ ಬಂತಾ? ಅಮ್ಮ ಫೋನ್ ಮಾಡಿದ್ರಾ?
ಒಂದು ವಾರ ಅವನದ್ದೂ ಎಣಿಸಿದೆ.
ಏಳು.

ಶನಿವಾರ ಕೊರ್ಡೆಲ್ ಇಗರ್ಜಿಯಲ್ಲಿ ಮೊಣಕಾಲೂರಿ
ಜಾಲರಿಯ ಆಚೆಯ ಕಿವಿಗೆ ಹೇಳಲು ಹೊರಟೆ:
ಫಾದರ್, ನನಗೆ ಇನ್ನೊಬ್ಬ
ಇನ್ನೊಬ್ಬ ಎಂತ?
ಗಂಡಸೆನ್ನಲು ಅವನಿಗೆ ಬೆವರಿಲ್ಲ.
ಮುಟ್ಟಿದ್ದು ಹೆಬ್ಬೆರಳಲ್ಲಿ, ಪ್ಲಾಸ್ಟಿಕ್ಕನ್ನು.
ಎಷ್ಟು ದಿನದಿಂದ ಎಂದು ಕೇಳಿದರೆ?
ಮುನ್ನೂರ ಹನ್ನೆರಡು, ಆದರೆ ಅಲ್ಲಿ
ಒಂದು ದಿನಕ್ಕೆ ಹದಿನಾಲ್ಕೇ ನಿಮಿಷ.
ಕೊನೆಗೆ, ಅತ್ತೆಯ ಮೇಲೆ ಸಿಟ್ಟು ಮಾಡಿದೆ ಎಂದೆ.
ಮೂರು ನಮಾನ್ ಮರಿಯೆ ಪ್ರಾಯಶ್ಚಿತ್ತ ಹೊತ್ತು ಬಂದೆ.

ಜುಲೈಯಲ್ಲಿ ಒಂದು ರಾತ್ರಿ ಅವನೇ ಕಂಡ.
ತೆರೆಯ ಮೇಲೆ ಮನೆ, ಒಳಗೆ ಎರಡು ದಿಂಬಿನ ಹಾಸಿಗೆ.
ಇವ ಯಾರು?
ಆಟದ್ದು.
ನಿನ್ನ ಮನೆಯಲ್ಲಿ ಎಂತ ಮಾಡ್ತಾನೆ?
ದೀಪ ಕಾಯ್ತಾನೆ.
ಲ್ಯಾನ್ಸಿ ನಕ್ಕ. ಯಾವತ್ತೂ ತೊಳೆಯದವನು
ತಟ್ಟೆ ತೊಳೆದು ಬೋರಲು ಹಾಕಿದ.
ಮಲಗಿ, ಗೋಡೆಯ ಕಡೆ ತಿರುಗಿ, ತುಂಬ ಹೊತ್ತಿನ ಮೇಲೆ:
ಸುರತ್ಕಲ್ಲಿನ ಲೈಟ್‌ಹೌಸಿಗೆ
ನಿನ್ನನ್ನು ಮೊದಲು ಕರಕೊಂಡು ಹೋದ್ದು ನಾನು.

ಆಗ ನಾನು ಎಣಿಸಲಿಲ್ಲ.

ಆಮೇಲೆ ಊರಿಗೆ ಹೋದೆ, ಅಕ್ಕನ ಬಾಣಂತನಕ್ಕೆ, ಮೂರು ವಾರ.
ತಿರುಗಿ ಬಂದು ಆಟ ತೆರೆದರೆ
ಓರಿನ್ ಅಂಗಳದಲ್ಲಿ ನಿಂತಿದ್ದಾನೆ, ನನಗೆ ಬೆನ್ನು ಹಾಕಿ.
ಹತ್ತು ಹೃದಯ ಇದ್ದಲ್ಲಿ ಒಂದು, ಅದೂ ಅರ್ಧ.
ಉಗ್ರಾಣ ತೆರೆದೆ. ಕೂಡಿಟ್ಟ ಜೇನು ಹಾಗೇ ಉಂಟು.
ಗೊಬ್ಬರಕ್ಕೆಂದು ಇಟ್ಟ ಕೊಳೆತ ಮೀನು,
ನಲವತ್ತಿದ್ದದ್ದು, ಎರಡು ಉಳಿದಿದೆ.
ಯಾರೋ ದಿನಕ್ಕೊಂದು, ನೇಮದಂತೆ, ಅವನ ಕೈಗೆ ಕೊಟ್ಟಿದ್ದಾರೆ.
ಬಟನ್ನಿನ ಮೇಲೆ ಕಪ್ಪು ಹೆಬ್ಬೆರಳಿನ ಗುರುತು.

ಓರಿನ್ ತಿರುಗಿದ.
ಹನ್ನೆರಡನೆಯ ಮಾತೊಂದು ಅವನಲ್ಲಿತ್ತೆಂದು
ನನಗೆ ಗೊತ್ತೇ ಇರಲಿಲ್ಲ.
ಒಂದೊಂದೇ ಅಕ್ಷರ:
ನಾನು ಏನು ತಪ್ಪು ಮಾಡಿದೆ ಹೇಳುತ್ತೀಯಾ?
ಪಾಪದವನು. ಕೊಟ್ಟ ಕೈ ನನ್ನದೇ ಅಂದುಕೊಂಡಿದ್ದಾನೆ.

ಗೇಟಿನ ಸದ್ದು. ಲ್ಯಾನ್ಸಿ.
ಈ ವರ್ಷದ ಮೊದಲ ಬೋಟು ಬಂತು ಮಾರಾಯ್ತಿ,
ಬಂಗುಡೆ, ಕಣ್ಣು ನೋಡು, ಕಿವಿರು ನೋಡು,
ಈಗ ಸಮುದ್ರದಿಂದ ಎದ್ದದ್ದು.
ನೀನು ಆಟ ಆಡಿದ್ದಿಯಾ ಎಂದೆ.
ನಾನಾ? ಎಂದ. ಚೀಲ ನನ್ನ ಕೈಗಿತ್ತು
ಸೀಮೆಎಣ್ಣೆ ಹುಡುಕಲು ಹೋದ, ಕಿವಿ ಕೆಂಪಾಗಿ.

ಮೆಟ್ಟುಕತ್ತಿಯ ಮುಂದೆ ಕೂತಿದ್ದೇನೆ.
ಇಲ್ಲಿಂದ ತೆರೆ ಕಾಣುತ್ತದೆ.
ಓರಿನ್ ನಿಂತೇ ಇದ್ದಾನೆ, ಕೆಳಗೆ ಎರಡು ಉತ್ತರ,
ಒಂದನ್ನು ಆರಿಸುವವರೆಗೆ ಅಲ್ಲಿ ಕತ್ತಲಾಗುವುದಿಲ್ಲ.
ಕೈ ತುಂಬ ಮೀನಿನ ನೆತ್ತರು.
ಸ್ವಲ್ಪ ಕಾಯಲಿ.