ಹನ್ನೊಂದನೇ ಕಲಮು

ಆನವಟ್ಟಿ ಹೈಸ್ಕೂಲಿನ ಗುಮಾಸ್ತ ನಾನು.
ಟೀಸಿಯ ಹನ್ನೊಂದನೇ ಕಲಮು: ನಡತೆ.
ಇಪ್ಪತ್ತಾರು ವರ್ಷ ಅದರೆದುರು ಒಂದೇ ಮಾತು,
ಒಳ್ಳೆಯದು.
ಗಡಿಯಾರ ಕದ್ದವನಿಗೂ,
ಮೂರು ವರ್ಷ ಬಾಯೇ ಬಿಡದ ಹುಡುಗಿಗೂ.
ಕೈನೋವಿಗೆ ಕೊನೆಗೆ ರಬ್ಬರ್ ಮುದ್ರೆ ಮಾಡಿಸಿಕೊಂಡೆ.

ಪೇಟೆಯಲ್ಲೂ ಅಷ್ಟೆ.
'ಒಳ್ಳೆ ಮಾರಾಯ ನೀನು' ಅಂದರೆ ಬೈಗುಳ.
'ಒಳ್ಳೆ ಕಥೆಯಾಯ್ತಲ್ಲ' ಅಂದರೆ ಕೆಟ್ಟಿತು ಅಂತ.
'ಪಾಪ, ಒಳ್ಳೆಯವನು' ಅಂದರೆ
ಇಸಕೊಂಡ ಸಾಲ ತಿರುಗಿ ಕೊಡದಿದ್ದರೂ ನಡೆದೀತು.

ಮೊನ್ನೆ ನಲ್ಲಿಕಟ್ಟೆಯ ಹಿಂದೆ ಹಾವು.
ಜವಾನ ಹುಚ್ಚರಾಯಪ್ಪ ದೊಣ್ಣೆ ಎತ್ತಿದ್ದ.
'ಒಳ್ಳೆ, ಒಳ್ಳೆ!' ಕೂಗುತ್ತ ಓಡಿ ಬಂದ
ಹತ್ತನೇ ಬಿ ಗುತ್ಯಪ್ಪ.
ನೀರೊಳ್ಳೆಯಂತೆ. ವಿಷವಿಲ್ಲವಂತೆ.
ಬರಿಗೈಲಿ ಹಿಡಿದು ಗದ್ದೆಯಂಚಿಗೆ ಒಯ್ದ.
ಬಿಡುವ ಮುಂಚೆ ಕಚ್ಚಿತು, ಎರಡು ಸಲ.
'ಕಚ್ಚದೆ ಇನ್ನೇನು ಮಾಡೀತು ಸಾರ್,
ಅದಕ್ಕೇನು ಗೊತ್ತು' ಅಂತ
ರಕ್ತ ಪ್ಯಾಂಟಿಗೆ ಒರೆಸಿಕೊಂಡ.

ಇವತ್ತು ಅವನ ಟೀಸಿ.
ಶಿರಾಳಕೊಪ್ಪದಲ್ಲಿ ಗ್ಯಾರೇಜು ಸೇರುತ್ತಾನಂತೆ.
ಮುದ್ರೆ ಬದಿಗಿಟ್ಟು ಪೆನ್ನು ಬಿಚ್ಚಿದೆ.
ಒಳ್ಳೆ,
ಅಷ್ಟು ಬರೆದು ಕೈ ನಿಂತಿದೆ.
'ಯದು' ಇನ್ನೂ ಸೇರಿಸಿಲ್ಲ.
ಅವನು ಬಾಗಿಲಲ್ಲಿ ಕಾಯುತ್ತಿದ್ದಾನೆ,
ಬೆರಳಿಗೆ ಅರಿಶಿನ ಮೆತ್ತಿಕೊಂಡು.