ಸಿಕ್ಕು

ನಿನ್ನೆ ರಾತ್ರಿ ಎರಡು ಸಲ ತಲೆ ತೊಳೆದೆ.
ಎಣ್ಣೆ ಸೋಕಿಸಬೇಡಿ, ಕ್ರೀಮು ಬೇಡ, ಏನೂ ಬೇಡ,
ಜಿಡ್ಡು ಗೋಡೆಗೆ ಸುಣ್ಣ ಹಿಡಿಯುವುದಿಲ್ಲ
ಎಂದಿದ್ದಳು ಫೋನಿನಲ್ಲಿ ಜೆರಿಲಿನ್.
ಒಂದು ವರ್ಷದಿಂದ ನೇರ ಮಾಡುವ ಮದ್ದು ಮುಟ್ಟಿಲ್ಲ,
ಮದ್ದು ತಿಂದ ತುದಿಗಳನ್ನು ನಾನೇ ಕತ್ತರಿಸಿ ಎಸೆದೆ.
ಉಳಿದದ್ದು ಗೇಣುದ್ದದ ಬೂದು ಮೋಡ,
ಅದರಡಿ ನನ್ನ ಮುಖ, ಬಾಡಿಗೆಗೆ ಬಂದಂತೆ.

ಬೆಳಿಗ್ಗೆ ಚೀಲಕ್ಕೆ ಎರಡು ಬೇಯಿಸಿದ ಮೊಟ್ಟೆ,
ಬಿಪಿ ಮಾತ್ರೆ, ಸೊಂಟಕ್ಕೊಂದು ದಿಂಬು.
ಮುಂದೆ ಗುಂಡಿಯಿರುವ ಅಂಗಿ ತೊಟ್ಟೆ;
ಸಂಜೆ ತಲೆಯ ಮೇಲಿಂದ ಏನನ್ನೂ ಎಳೆಯುವಂತಿಲ್ಲ.
ಹಾರ್ಫರ್ಡ್ ರಸ್ತೆಯ ಬಸ್ಸಿನಲ್ಲಿ ಟೋಪಿಯಿಲ್ಲದೆ ಕೂತೆ.
ಬಾಲ್ಟಿಮೋರಿನ ಮಾರ್ಚಿ ಗಾಳಿ
ಗುರುತಿಲ್ಲದಿದ್ದರೂ ಕೂದಲೊಳಗೆ ಕೈಯಾಡಿಸಿತು.

"ಎಷ್ಟು ಬೇಕು, ಮಿಸ್ ಅರ್ಡೆಲ್?
ದಪ್ಪ ಲಾಕ್ಸ್ ಆದರೆ ಎಂಬತ್ತು, ಸಣ್ಣವಾದರೆ ನೂರರ ಮೇಲೆ."

ನಾನು ಲೆಕ್ಕದವಳು. ಆಸ್ಪತ್ರೆಯ ಲಾಂಡ್ರಿಯಲ್ಲಿ
ಇಪ್ಪತ್ತಾರು ವರ್ಷ ದುಪ್ಪಟಿ ಎಣಿಸಿದ್ದೇನೆ,
ತಲೆಗೆ ಬಲೆಟೋಪಿ, ಹಣೆಗೆ ಅದರ ರಬ್ಬರಿನ ಗೆರೆ.
ಕಳೆದ ಶುಕ್ರವಾರ ಕೇಕು ಕತ್ತರಿಸಿ ಕಳಿಸಿಕೊಟ್ಟರು.
ಗೆರೆ ಇನ್ನೂ ಹೋಗಿಲ್ಲ.
ನಿನ್ನ ಬೆರಳಿಗೆ ತೋಚಿದಷ್ಟು ಹಾಕು, ಎಂದೆ.

ಬಾಚಣಿಗೆಯ ಬಾಲ ನೆತ್ತಿಯ ಮೇಲೆ ತಣ್ಣಗೆ ನಡೆಯಿತು.
ಒಂದೇ ಬೈತಲೆ ಕಂಡಿದ್ದ ತಲೆ ಇದು.
ಈಗ ಅಡ್ಡ, ಉದ್ದ, ಮತ್ತೆ ಅಡ್ಡ,
ಸಂದಿನ ಕೆಳಗೆ ಸಂದು ಬಾರದ ಹಾಗೆ,
ನಮ್ಮ ಬೀದಿಯ ಮನೆಗಳಿಗೆ ಇಟ್ಟಿಗೆ ಇಟ್ಟ ಹಾಗೆ.
ಒಂದು ಚೌಕ, ಒಂದು ಚಿಟಿಕೆ ಕೂದಲು,
ಸುತ್ತು, ಸುತ್ತು, ಕ್ಲಿಪ್ಪು.
ಸುತ್ತು, ಸುತ್ತು, ಕ್ಲಿಪ್ಪು.
ನಡುವೆ ಮೊಟ್ಟೆ ತಿಂದೆ. ನಡುವೆ ತೂಕಡಿಸಿದೆ.

ಎಡಗಿವಿಯ ಹಿಂದೆ ಅವಳ ಬೆರಳು ನಿಂತಿತು.
"ಇದೇನು?"
ಈಸ್ಟರ್ ಹಿಂದಿನ ದಿನ, ಎಪ್ಪತ್ತಮೂರನೇ ಇಸವಿ.
ಗ್ಯಾಸ್ ಒಲೆಯ ಮೇಲೆ ಕಬ್ಬಿಣದ ಬಾಚಣಿಗೆ ಕಾಯುತ್ತಿತ್ತು.
ಕಿವಿ ಹಿಡ್ಕೋ, ಎನ್ನುತ್ತಿದ್ದಳು ಅಮ್ಮ,
ನಾನು ಕಿವಿ ಹಿಡಿದು, ಉಸಿರು ಹಿಡಿದು, ಕೂರುತ್ತಿದ್ದೆ.
ಅವತ್ತು ಬೆರಳು ಜಾರಿತು, ನನ್ನದೋ ಅವಳದೋ.
ಕೆಟ್ಟವಳಲ್ಲ ಅವಳು.
ಹಗಲೆಲ್ಲ ಬೇರೆಯವರ ಅಂಗಿಗಳಿಗೆ ಇಸ್ತ್ರಿ ಹಾಕಿ ಬಂದು
ರಾತ್ರಿ ನನಗೆ ಹಾಕುತ್ತಿದ್ದಳು,
ನಾಳೆ ಚರ್ಚಿನಲ್ಲಿ ಯಾರೂ ಏನೂ ಅನ್ನದಿರಲೆಂದು.

ಜೆರಿಲಿನ್ ಏನೂ ಹೇಳಲಿಲ್ಲ.
ಆ ಜಾಗದ ಚೌಕವನ್ನು ಸ್ವಲ್ಪ ಸಡಿಲ ಬಿಟ್ಟಳು.

ಬಿಸಿಗಾಳಿಯ ಕೊಪ್ಪರಿಗೆ ತಲೆಗೆ ಕವುಚಿ ಕೂತಾಗ
ಪಕ್ಕದ ಕುರ್ಚಿಯ ಹುಡುಗ, ಒಂಬತ್ತಿರಬೇಕು,
ಹೆಗಲುದ್ದದ ಲಾಕ್ಸ್‌ನ ಯಜಮಾನ, ನನ್ನನ್ನು ಅಳೆದು ನೋಡಿದ.
"ನಿಮ್ಮವು ಇನ್ನೂ ಮರಿಗಳು. ನಾಲ್ಕು ವಾರ ತೊಳೀಬೇಡಿ.
ತುರಿಸಿದರೆ ತಟ್ಟಿ, ಕೆರೀಬೇಡಿ.
ರಾತ್ರಿ ರೇಷ್ಮೆ ಕಟ್ಟಿ. ಆಮೇಲೆ ಸುಮ್ಮನಿರಿ."
ಸುಮ್ಮನಿರುವುದೇ ಕಷ್ಟ ಕಣಪ್ಪ, ಅಂದೆ.
"ಹೌದು," ಎಂದ, ಅನುಭವಸ್ಥನ ಹಾಗೆ.

ಐವತ್ತೆಂಟು ವರ್ಷ ಸಿಕ್ಕು ಬಿಡಿಸಿದವಳು.
ಹಲ್ಲು ಮುರಿದುಕೊಂಡ ಬಾಚಣಿಗೆಗಳಿಗೆ ಲೆಕ್ಕವಿಲ್ಲ,
ನೀರು ತುಂಬಿದ ಕಣ್ಣಿಗೂ ಇಲ್ಲ.
ಇನ್ನು ಬಿಡಿಸುವುದಿಲ್ಲ.
ಕೂದಲು ಕೂದಲಿಗೆ ಸಿಕ್ಕಲಿ.

ಬಾಗಿಲಲ್ಲಿ ಜೆರಿಲಿನ್ ಲೆಕ್ಕ ಒಪ್ಪಿಸಿದಳು: ನೂರಾ ಹದಿನೇಳು.
ಹೊರಗೆ ಕತ್ತಲಾಗಿತ್ತು. ನೆತ್ತಿಯ ಗೆರೆಗೆರೆಯಲ್ಲೂ ಚಳಿ.

ಮನೆಗೆ ಬಂದರೆ ತಂಗಿ ಗ್ಲೆನಿಸ್‌ಳ ಫೋನು:
"ಚೆನ್ನಾಗಿ ಕಾಣ್ತಿದ್ದೀಯಾ?"
ಗೊತ್ತಿಲ್ಲ, ಅಂದೆ. ತಲೆ ಹಗುರವಿಲ್ಲ, ಭಾರವೂ ಇಲ್ಲ.
ಜನ ತುಂಬಿದ ಮನೆಯ ಹಾಗಿದೆ.

ದೀಪ ಆರಿಸಿ, ರೇಷ್ಮೆ ಕಟ್ಟುವ ಮುಂಚೆ,
ಕೆಲಸದ ಚಟಕ್ಕೆ, ಬೆರಳಲ್ಲೇ ಎಣಿಸಿದೆ.
ನೂರಾ ಹದಿನಾರು.
ಮತ್ತೆ ಎಣಿಸಿದೆ. ಅಷ್ಟೇ.
ಹುಡುಕಿದರೆ ಎಡಗಿವಿಯ ಹಿಂದಿನದು,
ಸಡಿಲ ಬಿಟ್ಟದ್ದು, ಆಗಲೇ ಬಿಚ್ಚಿಕೊಂಡಿತ್ತು.
ಯಾರೂ ಹೇಳದೆಯೇ ಕಿವಿ ಹಿಡಿದುಕೊಂಡೆ.
ಇನ್ನೊಂದು ಕೈಯಲ್ಲಿ ನಿಧಾನಕ್ಕೆ
ಸುತ್ತು, ಸುತ್ತು.